ಮಳೆ ಬಂದರೆ ಪ್ರಾಮಾಣಿಕರು, ಬಿಸಿಲಿದ್ದರೆ ಮೈಗಳ್ಳರು

ಮೈಕ್ರೋಸಾಫ್ಟ್ ಟೀಮ್ಸ್ ಎಂಬ ತಂತ್ರಾಂಶದಲ್ಲಿ ಪ್ರತಿಯೊಬ್ಬ ನೌಕರನ ಹೆಸರಿನ ಪಕ್ಕ ಒಂದು ಹಸಿರು ಚುಕ್ಕಿ ಇರುತ್ತದೆ. ಐದು ನಿಮಿಷ ಕೀಲಿಮಣೆಯನ್ನಾಗಲಿ ಮೌಸನ್ನಾಗಲಿ ಮುಟ್ಟದಿದ್ದರೆ ಅದು ಹಳದಿಗೆ ತಿರುಗಿ, ಈತ ಕುರ್ಚಿ ಬಿಟ್ಟೆದ್ದಿದ್ದಾನೆ ಎಂದು ತಂಡಕ್ಕೆಲ್ಲ ಸಾರುತ್ತದೆ. ಮನೆಯಿಂದ ಕೆಲಸ ಮಾಡುವ ಬೆಂಗಳೂರಿಗರ ದಿನಚರಿ ಈ ಐದು ನಿಮಿಷಗಳ ಲೆಕ್ಕದ ಮೇಲೆ ನಿಂತಿದೆ. ಹಿಂದಿನವರು ನಂದಾದೀಪ ಆರದಂತೆ ಎಣ್ಣೆ ಹೊಯ್ಯುತ್ತಿದ್ದ ಶ್ರದ್ಧೆಯಿಂದಲೇ ಇಂದಿನವರು ಹಾಲು ಕಾಯಿಸಲು ಹೋಗುವ ಮುನ್ನ ಒಮ್ಮೆ, ಬಟ್ಟೆ ಒಣಹಾಕಿ ಬಂದ ಮೇಲೆ ಒಮ್ಮೆ ಮೌಸನ್ನು ಅಲುಗಿಸಿ ಕೃತಾರ್ಥರಾಗುತ್ತಾರೆ. ಕಗ್ಗಂಟಾದ ಸಮಸ್ಯೆಯೊಂದನ್ನು ಕಣ್ಣುಮುಚ್ಚಿ ಹತ್ತು ನಿಮಿಷ ಯೋಚಿಸಿದವನ ಚುಕ್ಕಿ ಹಳದಿಯಾಗುತ್ತದೆ. ಅದೇ ಹತ್ತು ನಿಮಿಷ ಏನನ್ನೂ ಯೋಚಿಸದೆ ಪರದೆಯನ್ನು ಮೇಲೆ ಕೆಳಗೆ ಜಾರಿಸಿದವನದು ಹಸಿರಾಗಿಯೇ ಉಳಿಯುತ್ತದೆ. ಉತ್ಪಾದಕತೆ ಎಂದರೇನೆಂದು ಮೇಧಾವಿಗಳು ಚರ್ಚಿಸುತ್ತಿರುವಾಗಲೇ ತಂತ್ರಾಂಶವು ಅದನ್ನು ಬೆರಳಿನ ವ್ಯಾಯಾಮವೆಂದು ತೀರ್ಮಾನಿಸಿಬಿಟ್ಟಿದೆ.

ಬೆರಳನ್ನೂ ದಣಿಸಲೊಲ್ಲದವರಿಗಾಗಿ ಪೇಟೆಯಲ್ಲಿ ಮೌಸನ್ನು ತಾನೇ ಅಲುಗಿಸುವ ಮೌಸ್ ಜಿಗ್ಲರ್ ಎಂಬ ಯಂತ್ರ ಸಿಗುತ್ತದೆ. ಅದಕ್ಕೂ ದುಡ್ಡು ಹಾಕಲಾರದವರು ಮುಳ್ಳುಗಳಿರುವ ಕೈಗಡಿಯಾರದ ಮೇಲೆ ಆಪ್ಟಿಕಲ್ ಮೌಸನ್ನು ಕೂರಿಸುತ್ತಾರೆ. ಕೆಳಗೆ ಸೆಕೆಂಡಿನ ಮುಳ್ಳು ಸರಿದಂತೆಲ್ಲ, ತಾನೇ ಚಲಿಸುತ್ತಿದ್ದೇನೆಂದು ಮೌಸ್ ಭ್ರಮಿಸುತ್ತದೆ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತಾದರೂ, ತಾತ ಕಟ್ಟಿಕೊಳ್ಳುತ್ತಿದ್ದ ಎಚ್‌ಎಂಟಿ ಗಡಿಯಾರ ಇಂದು ಮೊಮ್ಮಗನ ಪರವಾಗಿ ಡ್ಯೂಟಿ ಮಾಡಬಲ್ಲದು. ಸಾರ್ವಜನಿಕ ವಲಯದ ಉದ್ದಿಮೆಯೊಂದು ಖಾಸಗಿ ವಲಯದ ಉತ್ಪಾದಕತೆಯನ್ನು ಇಷ್ಟು ನೇರವಾಗಿ ಎತ್ತಿಹಿಡಿದ ಉದಾಹರಣೆ ಬೇರೊಂದಿರಲಾರದು. ದಿನಕ್ಕೊಮ್ಮೆ ಗಡಿಯಾರಕ್ಕೆ ಕೀಲಿ ಕೊಡಬೇಕೆಂಬುದಷ್ಟೇ ಇದರಲ್ಲಿರುವ ಶ್ರಮ.

ಹಾಗೆಂದು ಈ ಉಪಾಯ ಅಪಾಯವಿಲ್ಲದ್ದೇನಲ್ಲ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು 2024ರಲ್ಲಿ ಹನ್ನೆರಡಕ್ಕಿಂತ ಹೆಚ್ಚು ನೌಕರರನ್ನು, ಕೀಲಿಮಣೆಯ ಚಟುವಟಿಕೆಯನ್ನು ಕೃತಕವಾಗಿ ಸೃಷ್ಟಿಸಿ ದುಡಿಯುತ್ತಿರುವಂತೆ ತೋರಿಸಿಕೊಂಡರೆಂಬ ಕಾರಣಕ್ಕೆ ಮನೆಗೆ ಕಳಿಸಿತು. ಅಳೆದದ್ದು ಯಂತ್ರ, ಅದನ್ನು ವಂಚಿಸಿದ್ದೂ ಯಂತ್ರ. ಕೆಲಸ ಹೋದದ್ದು ಮಾತ್ರ ಮನುಷ್ಯರದು. ಅವರಿಗೆ ಒಪ್ಪಿಸಿದ್ದ ಕೆಲಸ ಮುಗಿದಿತ್ತೋ ಇಲ್ಲವೋ ಎಂದು ಕೇಳುವ ಕುತೂಹಲ ಸುದ್ದಿ ಓದಿದವರಿಗೂ ಹುಟ್ಟಿದಂತೆ ಕಾಣಲಿಲ್ಲ.

ಅಪನಂಬಿಕೆಗೆ ಅಂಕಿಅಂಶದ ಬಲವೂ ಇದೆ. ಚುಕ್ಕಿಯನ್ನು ದಯಪಾಲಿಸಿದ ಮೈಕ್ರೋಸಾಫ್ಟ್ ಕಂಪನಿಯೇ 2022ರಲ್ಲಿ ಹಲವು ದೇಶಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ತಾವು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದೇವೆ ಎಂದ ನೌಕರರು ಶೇ. 87; ತಮ್ಮ ತಂಡ ಸಮರ್ಥವಾಗಿ ದುಡಿಯುತ್ತಿದೆ ಎಂಬ ಪೂರ್ಣ ಭರವಸೆಯಿದ್ದ ಮೇಲಧಿಕಾರಿಗಳು ಶೇ. 12. ಈ ನಡುವಿನ ಕಂದಕವನ್ನು ತುಂಬಲು ಮೀಟಿಂಗುಗಳನ್ನು ನೇಮಿಸಲಾಗಿದೆ. ಬೆಳಗಿನ ಮೀಟಿಂಗಿನಲ್ಲಿ ನಿನ್ನೆ ಏನು ಮಾಡಿದೆನೆಂದೂ ಸಂಜೆಯ ಮೀಟಿಂಗಿನಲ್ಲಿ ನಾಳೆ ಏನು ಮಾಡುವೆನೆಂದೂ ವರದಿ ಒಪ್ಪಿಸಬೇಕಾಗಿರುವುದರಿಂದ, ಇವತ್ತು ಏನಾದರೂ ಮಾಡಲು ಸಿಗುವುದು ಮಧ್ಯಾಹ್ನದ ಊಟದ ಹೊತ್ತು ಮಾತ್ರ.

ಇಂಥವರ ಉದ್ಧಾರಕ್ಕಾಗಿ ದಿನಚರಿ ಪಂಡಿತರು ಅವತರಿಸಿದ್ದಾರೆ. ಬೆಳಗ್ಗೆ ಐದಕ್ಕೆ ಏಳಿ, ಧ್ಯಾನ ಮಾಡಿ, ಪ್ರತ್ಯೇಕ ಕೋಣೆಯೊಂದನ್ನು ಕಚೇರಿಯಾಗಿಸಿಕೊಳ್ಳಿ, ಕಿಟಕಿಯಾಚೆ ಹಸಿರು ಕಾಣುವಂತೆ ಮೇಜು ಹಾಕಿ ಎಂದು ಅವರು ಅಪ್ಪಣೆ ಕೊಡಿಸುತ್ತಾರೆ. ಕ್ಯಾಲಿಫೋರ್ನಿಯದ ಬೆಳಗಿನ ಹತ್ತು ಗಂಟೆ ನಮಗೆ ಅವರ ಬೇಸಿಗೆಯಲ್ಲಿ ರಾತ್ರಿ ಹತ್ತೂವರೆ, ಅವರ ಚಳಿಗಾಲದಲ್ಲಿ ಹನ್ನೊಂದೂವರೆ ಎಂಬ ಸಂಗತಿ ಈ ಪಂಡಿತರ ಪಂಚಾಂಗದಲ್ಲಿಲ್ಲ. ಅಲ್ಲಿಯ ಗ್ರಾಹಕ ಕಾಫಿ ಹೀರುತ್ತ ಹೇಳಿದ್ದನ್ನೆಲ್ಲ ಗುರುತು ಹಾಕಿಕೊಂಡು, ಅದರ ಟಿಪ್ಪಣಿಯನ್ನು ಮೇಲ್ ಮಾಡಿ ಮಲಗುವವನು ಐದಕ್ಕೆ ಎದ್ದರೆ ಅದು ನಿದ್ರಾಹೀನತೆಯೇ ಹೊರತು ಬ್ರಾಹ್ಮೀ ಮುಹೂರ್ತವಲ್ಲ. ಇನ್ನು ಪ್ರತ್ಯೇಕ ಕೋಣೆಯ ಮಾತು. ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಗಂಡ ದಿವಾನದ ಮೇಲೂ ಹೆಂಡತಿ ಊಟದ ಮೇಜಿನಲ್ಲೂ ಕುಳಿತು, ಒಬ್ಬರ ಮೀಟಿಂಗು ಮತ್ತೊಬ್ಬರ ಮೈಕಿಗೆ ಬೀಳದಂತೆ ಸರದಿಯಲ್ಲಿ ಮ್ಯೂಟ್ ಆಗುವ ದಾಂಪತ್ಯಕ್ಕೆ ಯಾವ ಪಂಡಿತರೂ ಇನ್ನೂ ಸೂತ್ರ ಬರೆದಿಲ್ಲ. ಕಿಟಕಿಯಾಚೆ ಹಸಿರು ಕಾಣುವುದು ಪಕ್ಕದ ನಿವೇಶನದಲ್ಲಿ ಕಟ್ಟಡ ಏಳುವವರೆಗೆ; ಅದು ಎದ್ದೇಳುತ್ತಿರುವ ಸದ್ದು ಗ್ರಾಹಕನಿಗೂ ಪರಿಚಿತ.

ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬವರು 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆಯ ಟೈಮರೊಂದನ್ನು ತಿರುಗಿಸಿಟ್ಟುಕೊಂಡು ಓದುವ ಅಭ್ಯಾಸ ಮಾಡಿಕೊಂಡರು. 25 ನಿಮಿಷ ಏಕಾಗ್ರ ಕೆಲಸ, 5 ನಿಮಿಷ ವಿರಾಮ ಎಂಬ ಆ ಪದ್ಧತಿ ಇಂದು ಪ್ರತಿ ಎರಡನೆಯ ದಿನಚರಿ ಪಂಡಿತರ ನಾಲಿಗೆಯ ಮೇಲಿದೆ. ನಮ್ಮ ಅಡುಗೆಮನೆಯಲ್ಲಿ ಹೊತ್ತನ್ನು ಅಳೆಯುವುದು ಕುಕ್ಕರು. ಮೂರು ಕೂಗಿಗೆ ಎದ್ದು ಹೋಗಿ ಒಲೆ ಆರಿಸಬೇಕು, ಆಗ ಟೊಮೆಟೊದಲ್ಲಿ ಇನ್ನೂ ಹತ್ತು ನಿಮಿಷ ಉಳಿದಿರುತ್ತದೆ. ಅಷ್ಟರಲ್ಲಿ ನಲ್ಲಿಗೆ ನೀರು ಬಂತೆಂಬ ಸುದ್ದಿ ಬರುತ್ತದೆ. ಒಳಗಿನಿಂದ ಅಜ್ಜಿ, "ಹೆಂಗೂ ಮನೇಲೇ ಇದೀಯಲ್ಲಪ್ಪ, ಒಂಚೂರು ಮೋಟಾರ್ ಹಾಕು" ಎನ್ನುತ್ತಾರೆ. ಸಂಪು ತುಂಬಿ ತೊಟ್ಟಿ ಉಕ್ಕುವ ಹೊತ್ತಿಗೆ ಗ್ಯಾಸ್ ಸಿಲಿಂಡರ್ ಬರುತ್ತದೆ, ಸಿಲಿಂಡರಿನ ಹಿಂದೆ ಎದುರುಮನೆಯವರ ಪಾರ್ಸೆಲ್ ಬರುತ್ತದೆ, ಪಾರ್ಸೆಲ್ ಕೊಟ್ಟವನು ಒಟಿಪಿ ಕೇಳುತ್ತಾನೆ, ಒಟಿಪಿ ಎದುರುಮನೆಯವರ ಫೋನಿಗೆ ಹೋಗಿರುತ್ತದೆ, ಅವರು ಕಚೇರಿಯ ಮೀಟಿಂಗಿನಲ್ಲಿರುತ್ತಾರೆ. ಕಚೇರಿಗೆ ಹೋದವರು ಕೆಲಸದಲ್ಲಿದ್ದಾರೆ, ತೊಂದರೆ ಕೊಡಬಾರದು. ಮನೆಯಲ್ಲಿರುವವನು ಮನೆಯಲ್ಲಿದ್ದಾನೆ, ಕೊಡಬಹುದು ಎಂಬುದು ಬೀದಿಯ ಸರ್ವಾನುಮತದ ನಿರ್ಣಯ. ಮನೆಯವರ ದೃಷ್ಟಿಯಲ್ಲಿ ಬಿಡುವಾಗಿರುವ ಈತನೇ ಮ್ಯಾನೇಜರರ ದೃಷ್ಟಿಯಲ್ಲೂ ಬಿಡುವಾಗಿದ್ದಾನೆಂಬುದು, ಇವೆರಡು ಪಕ್ಷಗಳು ಒಮ್ಮತಕ್ಕೆ ಬಂದಿರುವ ಏಕೈಕ ವಿಷಯ. ಈ ಹೊತ್ತಿನಲ್ಲಿ ಹೆಂಗಸರಾಗಿದ್ದರೆ ಮೋಟಾರು, ಸಿಲಿಂಡರು, ಪಾರ್ಸೆಲ್ಲುಗಳ ಜೊತೆಗೆ ಸಂಜೆಯ ಸಾರೂ ಅವರದೇ. ಅದನ್ನು ಯಾರೂ ಅಡಚಣೆಯ ಪಟ್ಟಿಗೆ ಸೇರಿಸುವುದಿಲ್ಲ.

ಇಷ್ಟಾದರೂ ಇವೆಲ್ಲ ಖಾಸಗಿ ಪ್ರಹಸನಗಳು. ಮನೆಯಿಂದ ಮಾಡುವ ಕೆಲಸ ಕೆಲಸ ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಬೆಂಗಳೂರು ಸಾರ್ವಜನಿಕವಾಗಿ ಕೊಟ್ಟಿರುವ ಉತ್ತರ ಇದಕ್ಕಿಂತ ಸ್ವಾರಸ್ಯವಾದದ್ದು. 2021ರ ಆಗಸ್ಟಿನಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಕಾಮಗಾರಿ ನಡೆಯುತ್ತಿರುವ ಕಾರಣ, ಹೊರವರ್ತುಲ ರಸ್ತೆಯ ಕಂಪನಿಗಳು 2022ರ ಡಿಸೆಂಬರ್‌ವರೆಗೆ ನೌಕರರಿಗೆ ಮನೆಯಿಂದಲೇ ಕೆಲಸ ಮಾಡಲು ಬಿಡುವುದು ಒಳ್ಳೆಯದೆಂದು ರಾಜ್ಯದ ಐಟಿ ಬಿಟಿ ಇಲಾಖೆ ಸಲಹೆ ನೀಡಿತು. ರಸ್ತೆ ಅಗೆದಿರುವಷ್ಟು ಕಾಲ ಮನೆಯಲ್ಲಿರುವವರು ದುಡಿಯುತ್ತಾರೆಂಬುದು ಇದರಿಂದ ಸಿದ್ಧವಾಯಿತು. 2022ರ ಆಗಸ್ಟ್ 30ರ ಮಳೆಗೆ ಅದೇ ರಸ್ತೆ ಹೊಳೆಯಾಗಿ, ನೌಕರರು ಐದು ಗಂಟೆ ಸಿಕ್ಕಿಬಿದ್ದು ಸುಮಾರು 225 ಕೋಟಿ ರೂಪಾಯಿ ನಷ್ಟವಾಯಿತೆಂದು ಅಲ್ಲಿಯ ಕಂಪನಿಗಳ ಸಂಘ ಮುಖ್ಯಮಂತ್ರಿಗಳಿಗೆ ಪತ್ರ ಬರೆಯಿತು. ಮುಂದಿನ ವಾರ ಮತ್ತೆ ಸುರಿದ ಮಳೆಗೆ ಲ್ಯಾಪ್‌ಟಾಪಿನ ಚೀಲ ತಬ್ಬಿಕೊಂಡ ಇಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೊರಟ ದೃಶ್ಯವನ್ನು ದೇಶವೆಲ್ಲ ನೋಡಿತು. ಕೂಡಲೇ ಕಂಪನಿಗಳು ಮನೆಯಿಂದಲೇ ದುಡಿಯಿರಿ, ನಿಮ್ಮ ಮೇಲೆ ನಂಬಿಕೆಯಿದೆ ಎಂದವು. ನೀರು ಇಳಿಯಿತು, ನಂಬಿಕೆಯೂ ಇಳಿಯಿತು. 2025ರ ಮೇ ತಿಂಗಳಲ್ಲಿ ಮತ್ತೆ ಊರು ಮುಳುಗಿದಾಗ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಡಿ ಎಂದು ಸಂಸದ ಪಿ.ಸಿ. ಮೋಹನ್ ಕಂಪನಿಗಳನ್ನು ಕೇಳಿಕೊಂಡರು. ಮೂರನೆಯ ದಿನ ನೌಕರರ ಶೀಲಕ್ಕೆ ಏನಾಗುತ್ತದೆಂದು ಯಾರೂ ವಿವರಿಸಲಿಲ್ಲ.

ಹೊರದೇಶದಲ್ಲಿಯೂ ಇದೇ ವೇದಾಂತ. ಜಗತ್ತಿಗೆಲ್ಲ ದೂರದಿಂದಲೇ ಮೀಟಿಂಗ್ ನಡೆಸುವುದನ್ನು ಕಲಿಸಿದ ಜೂಮ್ ಕಂಪನಿ 2023ರ ಆಗಸ್ಟಿನಲ್ಲಿ, ಕಚೇರಿಯಿಂದ 50 ಮೈಲಿಯೊಳಗಿರುವ ತನ್ನ ನೌಕರರು ವಾರಕ್ಕೆ ಎರಡು ದಿನ ಬಂದು ಮುಖ ತೋರಿಸಬೇಕೆಂದಿತು. ಮಿಠಾಯಿ ಮಾರುವವನು ತನ್ನ ಮಕ್ಕಳಿಗೆ ಮಿಠಾಯಿ ಕೊಡುವುದಿಲ್ಲ, ಅದರ ಮರ್ಮ ಅವನಿಗೆ ಗೊತ್ತಿರುತ್ತದೆ.

ಕೆಲಸದ ಗಂಟೆಗಳ ವಿಷಯದಲ್ಲಿ ನಮ್ಮ ಹಿರಿಯರು ಇನ್ನೂ ಉದಾರಿಗಳು. 2023ರ ಅಕ್ಟೋಬರಿನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ದೇಶಕ್ಕಾಗಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರು ಅದನ್ನು 90ಕ್ಕೆ ಏರಿಸಿ, ಭಾನುವಾರ ಮನೆಯಲ್ಲಿ ಕುಳಿತು ಏನು ಮಾಡುತ್ತೀರಿ, ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದು ಕೇಳಿದ್ದು ಬಯಲಿಗೆ ಬಂತು. ಸಂಪು, ಸಿಲಿಂಡರು, ಎದುರುಮನೆಯ ಪಾರ್ಸೆಲ್ಲುಗಳ ನಡುವೆ ಹೆಂಡತಿಯ ಮುಖ ನೋಡಲು ಪುರಸೊತ್ತು ಸಿಗುತ್ತದೆಂದು ಅವರು ಭಾವಿಸಿದ್ದು ಆಶ್ಚರ್ಯಕರ. ಆದರೆ ಅದೇ ವರ್ಷ, ನಾರಾಯಣಮೂರ್ತಿಯವರು ಕಟ್ಟಿದ ಇನ್ಫೊಸಿಸ್ ಕಂಪನಿಯು ಮನೆಯಿಂದ ದಿನಕ್ಕೆ 9 ಗಂಟೆ 15 ನಿಮಿಷಕ್ಕಿಂತ ಹೆಚ್ಚು ದುಡಿಯುವವರಿಗೆ, ಆರೋಗ್ಯ ನೋಡಿಕೊಳ್ಳಿ ಎಂದು ಎಚ್ಚರಿಸುವ ಮೇಲ್ ಕಳಿಸುತ್ತಿದೆಯೆಂದು ವರದಿಯಾಯಿತು. ವಾರದ ಐದು ದಿನಕ್ಕೆ ಇದು 46 ಗಂಟೆ 15 ನಿಮಿಷ. ದೇಶಕ್ಕೆ ಇನ್ನೂ 23 ಗಂಟೆ 45 ನಿಮಿಷ ಬಾಕಿ. ಆರೋಗ್ಯದ ಎಚ್ಚರಿಕೆಯನ್ನು ಮೀರಿಯೇ ಈ ಸಾಲವನ್ನು ತೀರಿಸಬೇಕಾಗಿದೆ.

ಈ ಗೊಂದಲವನ್ನು ಬಗೆಹರಿಸುವ ಸಾಮರ್ಥ್ಯ ಮ್ಯಾನೇಜರರಿಗಾಗಲಿ ದಿನಚರಿ ಪಂಡಿತರಿಗಾಗಲಿ ಇಲ್ಲವೆಂಬುದು ಸ್ಪಷ್ಟವಾಗಿರುವುದರಿಂದ, ಅದನ್ನು ಹವಾಮಾನ ಇಲಾಖೆಗೆ ವಹಿಸುವುದೇ ಲೇಸು. ಇಲಾಖೆಯ ಬಳಿ ಬಣ್ಣಗಳು ಸಿದ್ಧವಾಗಿಯೇ ಇವೆ. ಯೆಲ್ಲೊ ಅಲರ್ಟ್ ಇರುವ ದಿನ ನೌಕರರನ್ನು ಮಧ್ಯಾಹ್ನದವರೆಗೆ ನಂಬುವುದು, ಆರೆಂಜ್ ಇದ್ದರೆ ಸಂಜೆಯವರೆಗೆ, ರೆಡ್ ಅಲರ್ಟ್ ಇದ್ದರೆ ವಾರಪೂರ್ತಿ. ಮುನ್ನೆಚ್ಚರಿಕೆಯೇ ಇಲ್ಲದ ದಿನ ಎಲ್ಲರೂ ಮೈಗಳ್ಳರೆಂದು ಭಾವಿಸಿ ಕಚೇರಿಗೆ ಕರೆಸುವುದು. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿಅಂಶ ಕಳಿಸುತ್ತವೆಯಾದ್ದರಿಂದ, ಪ್ರಾಮಾಣಿಕತೆಯನ್ನು ಬಡಾವಣೆವಾರು ಘೋಷಿಸಲು ತಾಂತ್ರಿಕ ಅಡ್ಡಿಯೇನೂ ಇಲ್ಲ. ಬೆಳ್ಳಂದೂರಿನಲ್ಲಿ ಸುರಿದರೆ ಬೆಳ್ಳಂದೂರಿನವರು ನಂಬಿಕಸ್ಥರು, ಅದೇ ಹೊತ್ತು ಬಿಸಿಲು ಕಾಯುತ್ತಿರುವ ಮಲ್ಲೇಶ್ವರದವರು ಹತ್ತೂವರೆಯೊಳಗೆ ಹೊರವರ್ತುಲ ರಸ್ತೆಗೆ ಬಂದು ಕಾರ್ಡು ಒತ್ತತಕ್ಕದ್ದು. ಹೆಬ್ಬಾಳದ ಮೇಲ್ಸೇತುವೆ ಏರುವಾಗ ಮಳೆ ಶುರುವಾದವರ ವಿಷಯದಲ್ಲಿ ಮಾತ್ರ ಮಾನವ ಸಂಪನ್ಮೂಲ ವಿಭಾಗವು ಪ್ರತ್ಯೇಕ ಸುತ್ತೋಲೆ ಹೊರಡಿಸಬೇಕಾಗುತ್ತದೆ.