ಚದರಡಿ ಲೆಕ್ಕದ ನಗು

ಕಲಬುರಗಿಯಲ್ಲಿ ನಗು ಚದರಡಿ ಲೆಕ್ಕದಲ್ಲಿ ಸಿಗುತ್ತದೆ. ಜಗತ್ ಸರ್ಕಲ್ಲಿನಿಂದ ಸೂಪರ್ ಮಾರ್ಕೆಟ್ ಕಡೆ ಹೊರಡಿ: ಕಂಬಕ್ಕೊಂದು, ತಿರುವಿಗೆರಡು. ಹತ್ತಡಿ ಅಗಲ, ಎಂಟಡಿ ಎತ್ತರದ ಫ್ಲೆಕ್ಸಿನ ನಡುವೆ ಕೈಮುಗಿದ ಸಾಹೇಬರ ನಗು, ಕೆಳಗೆ ಸಾಲಾಗಿ ಶುಭ ಕೋರುವವರ ಪುಟ್ಟ ಪುಟ್ಟ ನಗು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಕೈಚೀಲದ ಜತೆ ಫ್ಲೆಕ್ಸಿನ ಹೆಸರೂ ಪಟ್ಟಿಯಲ್ಲಿತ್ತು. ಅಂದರೆ ಕಾಗದದ ಪ್ರಕಾರ ಈ ನಗು ಯಾವುದೂ ಊರಲ್ಲಿಲ್ಲ. ನಿಷೇಧ ಜಾರಿ ಮಾಡಿಸಬೇಕಾದವರೇ ಮೇಲಿನ ಸಾಲಿನಲ್ಲಿ ನಿಂತು ನಗುತ್ತಿರುತ್ತಾರೆ ಎಂಬುದು ಬೇರೆ ಮಾತು.

ಹಾಗಂತ ಇಂಥ ನಗು ತಯಾರಿಸುವುದು ಸಣ್ಣ ಕಸುಬಲ್ಲ. ಅಭಿಮಾನಿ ತರುವ ಫೋಟೊ ವಾಟ್ಸಾಪಿನಲ್ಲಿ ಕುಗ್ಗಿ ಬಂದದ್ದು. ಅದನ್ನು ಹತ್ತಡಿಗೆ ಎಳೆದರೆ ಸಾಹೇಬರ ಹಲ್ಲು ಚೌಕ ಚೌಕ ಆಗುತ್ತವೆ. ಬಲ್ಲ ಅಂಗಡಿಯವ, "ಅಣ್ಣಾ, ಫೋಟೊ ಡಾಕ್ಯುಮೆಂಟ್ ಮಾಡಿ ಕಳಸ್ರಿ, ಇಲ್ಲಂದ್ರ ಸಾಹೇಬ್ರು ಹರದೋಗ್ತಾರ" ಅಂತ ಮೊದಲೇ ಹೇಳುತ್ತಾನೆ. ಆಮೇಲೆ ಮುಖ ಬೆಳ್ಳಗೆ, ಮೀಸೆ ಕರ್ರಗೆ, ಕಣ್ಣಂಚಿನ ಗೆರೆ ಮಾಯ. ಕೆಡುವುದು ಇಲ್ಲೇ. ಫ್ರಾನ್ಸಿನ ವೈದ್ಯ ಡುಶೆನ್, ಮುದುಕನೊಬ್ಬನ ಮುಖದ ಸ್ನಾಯುಗಳಿಗೆ ವಿದ್ಯುತ್ ಹಾಯಿಸಿ ನೋಡಿ, 1862ರಲ್ಲಿ ಒಂದು ವಿಷಯ ಬರೆದಿಟ್ಟ. ತುಟಿಯ ತುದಿಯನ್ನು ಮೇಲೆಳೆಯುವ ಜೈಗೋಮ್ಯಾಟಿಕಸ್ ಮೇಜರ್ ಎಂಬ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತಲಿರುವ ಆರ್ಬಿಕ್ಯುಲಾರಿಸ್ ಆಕ್ಯುಲೈ ಹಾಗಲ್ಲ, ಒಳಗೆ ಖುಷಿಯಿದ್ದರೇ ಅದು ಮುದುಡುವುದು. ಕೆಲವರು ಅದನ್ನೂ ಬೇಕೆಂದಾಗ ಮುದುಡಿಸಬಲ್ಲರು ಅಂತ ಮುಂದಿನವರು ಕಂಡುಕೊಂಡರು. ಡುಶೆನ್ ಪಾಪ, ನಮ್ಮ ಕಡೆಯ ಚುನಾವಣೆ ನೋಡಿರಲಿಲ್ಲ. ಏನೇ ಇರಲಿ, ನಗು ನಿಜವೋ ಸುಳ್ಳೋ ಅಂತ ನೋಡುವವರು ಹುಡುಕುವುದು ಕಣ್ಣಂಚಿನ ಆ ಗೆರೆಗಳನ್ನೇ. ಫ್ಲೆಕ್ಸ್ ಅಂಗಡಿಯ ಹುಡುಗ ಮೊದಲು ಒರೆಸುವುದೂ ಅವನ್ನೇ. ಸಾಹೇಬರು ನಿಜವಾಗಿ ನಕ್ಕಿದ್ದರೂ ಫ್ಲೆಕ್ಸಿಗೆ ಬರುವ ಹೊತ್ತಿಗೆ ಅದು ಸುಳ್ಳಾಗಿರುತ್ತದೆ.

ಉಳಿದದ್ದು ಬಿಸಿಲಿನ ಕೆಲಸ. ಅಗ್ಗದ ಶಾಯಿಯಲ್ಲಿ ಹಳದಿ, ಮಜೆಂಟಾ ಬಣ್ಣಗಳು ಮೊದಲು ಹಾರಿಹೋಗಿ ನೀಲಿ ಕಡೆಯವರೆಗೆ ಉಳಿಯುತ್ತದೆ. ಹೊಸ ವರ್ಷಕ್ಕೆ ಕಟ್ಟಿದ ಕೆಂಪು ತುಟಿ ಮೇ ತಿಂಗಳ 42 ಡಿಗ್ರಿಯೊಳಗೆ ನೀಲಿಗಟ್ಟಿ, ಸಾಹೇಬರು ವಿಷ ಕುಡಿದು ನಗುತ್ತಿರುವಂತೆ ಕಾಣುತ್ತದೆ. ಮುಂಗಾರಿನ ಗಾಳಿಗೆ ಹರಿಯುವುದು ಮೂಲೆಯಿಂದ. ಎರಡು-ಮೂರು ಅಡಿಗೊಂದು ಲೋಹದ ಕಣ್ಣು ಹೊಡೆಸಿ ಹಗ್ಗ ಹಾಕುವ ಬದಲು, ಖರ್ಚು ಉಳಿಸಲು ನೇರ ತಂತಿ ಪೋಣಿಸಿ ಕಟ್ಟಿರುತ್ತಾರೆ. ತಂತಿ ಬಟ್ಟೆಯನ್ನು ಕೊಯ್ಯುತ್ತದೆ. ಹರಿದದ್ದನ್ನು ರೈತರು ಒಯ್ದು ಕಣಕಿ ಬಣವಿಗೆ ಹೊದಿಸುತ್ತಾರೆ. ಇಷ್ಟು ದಿನಕ್ಕೆ ಆ ನಗುವಿನಿಂದ ಜನಕ್ಕೊಂದು ಉಪಕಾರ ಆದದ್ದು ಅಲ್ಲೇ, ಅದೂ ಮಗುಚಿ ಹೊದಿಸಿದಾಗ.

ಎರಡನೇ ತರದ ನಗು ಕಚೇರಿಯ ಗೋಡೆಯ ಮೇಲಿರುತ್ತದೆ: 'ನಗುಮೊಗದ ಸೇವೆಯೇ ನಮ್ಮ ಗುರಿ'. ಗುರಿ ಅಂದರೆ ದೂರದಲ್ಲೇ ಇರಬೇಕಲ್ಲ, ಇದೆ. ಕೆಳಗಿನ ಕಿಟಕಿಯಲ್ಲಿ ನಡೆಯುವ ಮಾತು ಹೀಗಿರುತ್ತದೆ.

"ಸರ, ಪಹಣಿ ಬೇಕಾಗಿತ್ರಿ."

"ಸರ್ವರ್ ಡೌನ್ ಅದ. ನಾಳಿಗಿ ಬರ್ರಿ."

"ನಿನ್ನಿನೂ ನಾಳಿಗಿ ಅಂದಿದ್ರೆಲ್ರಿ?"

"ನಿನ್ನಿ ಅಂದಿದ್ದು ಇವತ್ತಿಂದು. ಇವತ್ತು ಅನ್ನಲತ್ತಿದ್ದು ನಾಳಿಂದು. ಮುಂದಿನವರು ಬರ್ರಿ."

ಇದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಆಧಾರ್ ಫೋಟೊ ತೆಗೆಯುತ್ತಾರೆ. ಅಲ್ಲಿನ ನಿಯಮವೇ ಬೇರೆ: ಮುಖದಲ್ಲಿ ಭಾವ ಇರಬಾರದು, ನಗಬಾರದು, ಹಲ್ಲು ಕೂಡಿರಬೇಕು, ಎರಡೂ ಕಣ್ಣು ತೆರೆದು ಕ್ಯಾಮೆರಾ ನೋಡಬೇಕು. ಪಾಸ್‌ಪೋರ್ಟಿಗೂ ಹೆಚ್ಚು ಕಡಿಮೆ ಇದೇ. ಕಾರಣ ಸರಿಯಾದದ್ದೇ. ನಕ್ಕಾಗ ಕೆನ್ನೆ ಮೇಲೇರಿ ಕಣ್ಣು ಕಿರಿದಾಗುತ್ತವೆ, ಬಾಯಿ ಅಗಲವಾಗುತ್ತದೆ; ಮುಖದ ಅಳತೆ ಹಿಡಿದು ಗುರುತಿಸುವ ಯಂತ್ರ ಗಲಿಬಿಲಿಗೊಳ್ಳುತ್ತದೆ. ಹೊಲದಿಂದ ಬಂದ ಆಯಿ ಕ್ಯಾಮೆರಾ ಕಂಡ ಕೂಡಲೇ ನಗುತ್ತಾಳೆ, ಫೋಟೊ ಅಂದರೆ ಮದುವೆ ಮನೆಯದು ಅಂತ ಅವಳ ಲೆಕ್ಕ. "ಆಯಿ, ನಗಬ್ಯಾಡ್ರಿ, ಹಲ್ಲು ಕಾಣಬಾರ್ದು" ಅಂದರೆ "ಹಲ್ಲೆಲ್ಲವೋ ಯಪ್ಪಾ?" ಎಂದು ಇನ್ನಷ್ಟು ನಗುತ್ತಾಳೆ. ನಾಲ್ಕು ಸಲ ಗದರಿಸಿದ ಮೇಲೆ ಬರುವ ಮುಖವೇ ಸರ್ಕಾರಕ್ಕೆ ಅವಳ ಅಧಿಕೃತ ಮುಖ. ಪಹಣಿ ಕೈಗೆ ಸಿಕ್ಕು ಅವಳೆಲ್ಲಾದರೂ ನಕ್ಕುಬಿಟ್ಟರೆ ದಾಖಲೆಗೆ ಹೊಂದುವುದು ಕಷ್ಟ. ಅಂಥ ಪರಿಸ್ಥಿತಿ ಬರದ ಹಾಗೆ ಪಕ್ಕದ ಕಿಟಕಿಯವರು ನೋಡಿಕೊಳ್ಳುತ್ತಾರೆ.

ಸಿಬ್ಬಂದಿ ನಗಲಿ ಅಂತ ಆಗಾಗ ತರಬೇತಿಯೂ ಇರುತ್ತದೆ. 'ಪೆನ್ನನ್ನು ಹಲ್ಲಿನ ನಡುವೆ ಹಿಡಿಯಿರಿ, ತುಟಿ ತಾನಾಗಿ ನಗುತ್ತದೆ, ಮನಸ್ಸು ಹಿಂಬಾಲಿಸುತ್ತದೆ' ಎಂಬ ಪಾಠ ಬಂದದ್ದು 1988ರ ಒಂದು ಪ್ರಯೋಗದಿಂದ. ಪೆನ್ನು ಕಚ್ಚಿದವರಿಗೆ ವ್ಯಂಗ್ಯಚಿತ್ರಗಳು ಹೆಚ್ಚು ತಮಾಷೆ ಎನಿಸಿದವು ಅಂತ ಅದರ ಫಲಿತಾಂಶ. 2016ರಲ್ಲಿ 17 ಪ್ರಯೋಗಾಲಯಗಳು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಪರಿಣಾಮ ಸಿಗಲಿಲ್ಲ. ಈ ಎರಡನೇ ಸುದ್ದಿ ತರಬೇತಿಯ ಸ್ಲೈಡಿಗೆ ಇನ್ನೂ ತಲುಪಿಲ್ಲ. ತಲುಪದಿದ್ದರೂ ಅಪಾಯವಿಲ್ಲ ಬಿಡಿ: ಕೌಂಟರಿನ ಪೆನ್ನನ್ನು ದಾರ ಹಾಕಿ ಕಟ್ಟಿರುತ್ತಾರೆ, ಆ ದಾರ ಚಲನ್ ತುಂಬಲಿಕ್ಕೇ ಸಾಲುವುದಿಲ್ಲ, ಬಾಯಿವರೆಗೆ ಎಲ್ಲಿಂದ ಬಂದೀತು.

ನಗೆಕೂಟದ ದಾರಿಯೂ ಇದೆ. 1995ರಲ್ಲಿ ಮುಂಬೈಯ ಪಾರ್ಕೊಂದರಲ್ಲಿ ಡಾಕ್ಟರ್ ಮದನ್ ಕಟಾರಿಯಾ ಬೆರಳೆಣಿಕೆಯ ಜನರೊಂದಿಗೆ ಇದನ್ನು ಶುರು ಮಾಡಿದರು. ಮೊದಲು ಜೋಕು ಹೇಳಿ ನಗುತ್ತಿದ್ದರು, ಕೆಲವೇ ದಿನಕ್ಕೆ ಜೋಕು ತೀರಿದವು. ಆಮೇಲೆ ಕಾರಣ ಬೇಡ, ಸುಮ್ಮನೆ ಹೋ-ಹೋ-ಹಾ-ಹಾ ಎಂದು ನಗೋಣ ಎಂದರು. ಅದು ಲೋಕಕ್ಕೆಲ್ಲ ಹಬ್ಬಿತು. ವಿಶ್ವ ನಗೆ ದಿನವೆಂದು ಮೇ ತಿಂಗಳ ಮೊದಲ ಭಾನುವಾರವನ್ನು ಆರಿಸಿದವರಿಗೆ ಕಲಬುರಗಿಯ ಪರಿಚಯ ಇರಲಿಕ್ಕಿಲ್ಲ. ಆ ದಿನ ಪಬ್ಲಿಕ್ ಗಾರ್ಡನ್ನಿನಲ್ಲಿ ನಗಬೇಕೆಂದವರು ಬೆಳಿಗ್ಗೆ ಏಳರೊಳಗೆ ನಕ್ಕು ಮುಗಿಸಬೇಕು, ಆಮೇಲೆ ನಕ್ಕರೆ ಗಂಟಲು ಒಣಗುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಕಚೇರಿಗಳು 8ಕ್ಕೆ ತೆರೆದು 1.30ಕ್ಕೆ ಮುಚ್ಚುವುದು ಸುಮ್ಮನಲ್ಲ. ಆ ಐದೂವರೆ ತಾಸಿನಲ್ಲಿ ಫ್ಯಾನ್ ಒಂದೇ, ಅದು ದೊಡ್ಡ ಸಾಹೇಬರ ಕಡೆ ತಿರುಗಿದ್ದು, ಕೊಡದಲ್ಲಿ ನೀರಿಲ್ಲ, ಸಾಲು ಬಾಗಿಲು ದಾಟಿ ಬಿಸಿಲಿಗೆ ಬಿದ್ದಿದೆ. ಹನ್ನೊಂದಾಗುವ ಹೊತ್ತಿಗೆ ಗುಮಾಸ್ತನ ಮುಖ ಮಾತ್ರ ಏಕೆ, ಗೋಡೆ ಗಡಿಯಾರವೂ ಸಿಟ್ಟಾಗಿರುತ್ತದೆ.

ಬೋರ್ಡಿಗಿಂತ ಅಗ್ಗದ ಉಪಾಯಗಳು ಇದ್ದೇ ಇವೆ. ಟೋಕನ್ ಕೊಟ್ಟು ಕೂಡಲಿಕ್ಕೆ ಬೆಂಚು ಹಾಕುವುದು, ನೆರಳಿಗೊಂದು ತಗಡು, ಮಣ್ಣಿನ ಗಡಿಗೆಯಲ್ಲಿ ತಣ್ಣೀರು, ಸರ್ವರ್ ಬಿದ್ದರೆ ಅರ್ಜಿ ಇಸಿದುಕೊಂಡು ಬರಬೇಕಾದ ದಿನ ಬರೆದುಕೊಡುವುದು. ಇಷ್ಟಾದರೆ ನಗುವ ಪಾಠ ಬೇಕಾಗುವುದಿಲ್ಲ. ಆದರೆ ಗಡಿಗೆ ಉದ್ಘಾಟಿಸಿದರೆ ಫ್ಲೆಕ್ಸಿನಲ್ಲಿ ಚೆಂದ ಕಾಣುವುದಿಲ್ಲವಲ್ಲ.

ಬಸ್ಸಿನಲ್ಲೂ ಅಷ್ಟೇ. ಕಲ್ಯಾಣ ಕರ್ನಾಟಕ ಸಾರಿಗೆಯ ಬೆಳಗಿನ ಮೊದಲ ಟ್ರಿಪ್ಪಿಗೆ ಹೊರಟ ಕಂಡಕ್ಟರನ ಚೀಲದಲ್ಲಿ ಚಿಲ್ಲರೆ ಹಿಡಿಯಷ್ಟು. ಹತ್ತಿದವರೆಲ್ಲ ಐನೂರರ ನೋಟು ಚಾಚುತ್ತಾರೆ, ಅವನು ಟಿಕೆಟಿನ ಬೆನ್ನಿಗೆ ಬಾಕಿ ಬರೆಯುತ್ತ ಹೋಗುತ್ತಾನೆ. ನೂಕುನುಗ್ಗಲಿನಲ್ಲೂ ಶಕ್ತಿ ಯೋಜನೆಯ ಶೂನ್ಯ ಟಿಕೆಟು ಒಂದೊಂದಾಗಿ ಹರಿಯಲೇಬೇಕು. ಅಷ್ಟರಲ್ಲಿ ಕಿಟಕಿ ಪಕ್ಕದವರೊಬ್ಬರು, "ಏನ್ ಕಂಡಕ್ಟರ್ ಸಾಬ್ರ, ಮುಂಜಾನಿ ಮುಂಜಾನಿ ಜರಾ ನಕ್ಕೋತ ಟಿಕೀಟ್ ಕೊಡ್ಬಾರ್ದಾ?" ಎಂದರೆ ಅವನು ತಲೆಯೆತ್ತುವುದಿಲ್ಲ.

"ಮದಲ ಎರಡು ರೂಪಾಯಿ ಚಿಲ್ರಿ ಕೊಡ್ರಿ ಕಾಕಾ. ನಗೋದು ಆಮ್ಯಾಲ ನೋಡಮು."