ಪ್ಲಸ್ಸು, ಮೈನಸ್ಸು ಮತ್ತು ಮಂಗಳಾರತಿ

ಹೋದ ವರ್ಷ ಆಯುಧಪೂಜೆಗೆ ಇಂಗ್ಲೆಂಡಿನ ಲಿಂಕನ್‌ಶೈರ್‌ನಿಂದ ಮದ್ದೂರಿನ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಐದು ವರ್ಷದ ಮೇಲೆ ಸಿಕ್ಕ ದಸರಾ. ಆ ಬೆಳಿಗ್ಗೆ ಚಿಕ್ಕಪ್ಪನ ಮಗ ಎಲ್ಲರ ಮುಂದೆ, "ಇಂಗ್ಲೆಂಡ್‌ಗೋಗಿ ಪುಕ್ಲ ಆಗ್ಬುಟ್ಟವ್ನೆ ನಮ್ಮಣ್ಣ" ಅಂದ. ಅಮ್ಮನೂ ನಕ್ಕಳು. ಚುಚ್ಚಿದ್ದು ಅದೇ.

ನಾನು ಮಾಡಿದ ತಪ್ಪು ಇಷ್ಟೇ: ಆರತಿ ತಟ್ಟೆ ಹಿಡಿದು ಟ್ರ್ಯಾಕ್ಟರಿನ ಕಡೆ ಹೊರಟಿದ್ದ ಚಿಕ್ಕಪ್ಪನನ್ನು ತಡೆದು ನಿಲ್ಲಿಸಿದ್ದೆ.

ತಾತ ಕೊಂಡ ಮ್ಯಾಸಿ 35 ಅದು. ಈಗ ಉಳುಮೆಗೆ ಬೇರೆ ಗಾಡಿ ಇದೆ. ಇದು ವರ್ಷಕ್ಕೆ ನಾಲ್ಕು ಸಲ ಎದ್ದರೆ ಹೆಚ್ಚು. ಹಬ್ಬದ ಹಿಂದಿನ ದಿನ ಸೆಲ್ಫ್ ಹೊಡೆದರೆ ಟಕ್ ಅಂದು ಸುಮ್ಮನಾಯಿತು. ತಮ್ಮ ಎಲ್ಲಿಂದಲೋ ಚಾರ್ಜರ್ ತಂದ, ಬೇಗ ಆಗಲಿ ಅಂತ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ, ಇಲಿ ನುಗ್ಗುತ್ತವೆ ಅಂತ ಶೆಡ್ಡಿನ ಬಾಗಿಲು ಕಿಟಕಿ ಜಡಿದು ಹೋಗಿ ಮಲಗಿದ. ಬೆಳಿಗ್ಗೆ ಬಾಗಿಲು ತೆಗೆದರೆ ಮೂಗು ಉರಿಸುವ ಹುಳಿ ವಾಸನೆ. ಬ್ಯಾಟರಿಯೊಳಗೆ ಸಾರು ಕುದಿಯುವ ಸದ್ದು. ಮುಚ್ಚಳಗಳ ಮೇಲೆ ಆಗಲೇ ಅರಿಶಿನ ಕುಂಕುಮ. ಅದರ ಮುಂದೆ ಕರ್ಪೂರ!

ತುಂಬಿದ ಬ್ಯಾಟರಿಗೆ ಇನ್ನೂ ಕರೆಂಟು ತುರುಕಿದರೆ ಒಳಗಿನ ನೀರು ಒಡೆದು ಹೈಡ್ರೋಜನ್ ಏಳುತ್ತದೆ. ಮೂಗಿಗೆ ಬಡಿದದ್ದು ಆಸಿಡ್ಡು. ಹೈಡ್ರೋಜನ್‌ಗೆ ವಾಸನೆಯೇ ಇಲ್ಲ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೂ ಒಂದು ಕಿಡಿ ಸಾಕು, ಡಬ್ಬ ಸಿಡಿದು ಆಸಿಡ್ಡು ನೇರ ಕಣ್ಣಿಗೆ. ನಾನು ಚಾರ್ಜರ್ ಆರಿಸಿ, ಕಿಟಕಿ ತೆಗೆಸಿ, ಗಾಡಿಯನ್ನು ಅಂಗಳಕ್ಕೆ ತಳ್ಳಿಸಿ ಅರ್ಧ ಗಂಟೆ ಕಾಯಿಸಿದೆ. ಮುಹೂರ್ತ ತಪ್ಪಿತೆಂದು ಚಿಕ್ಕಪ್ಪ ಮಧ್ಯಾಹ್ನದವರೆಗೂ ಮಾತಾಡಲಿಲ್ಲ.

ಈ ಹೆದರಿಕೆ ನನಗೆ ಹುಟ್ಟಿನಿಂದ ಬಂದದ್ದಲ್ಲ, ಲಿಂಕನ್‌ಶೈರ್‌ನಲ್ಲಿ ಪಕ್ಕದ ಮನೆಯ ಮುದುಕ ಕಲಿಸಿದ್ದು. ಅವನ ಹತ್ತಿರ ಒಂದು ಬೂದು ಬಣ್ಣದ ಫರ್ಗುಸನ್ ಇದೆ, 1946ರಿಂದ 1956ರವರೆಗೆ ಕಾವೆಂಟ್ರಿಯಲ್ಲಿ ತಯಾರಾಗುತ್ತಿತ್ತಲ್ಲ, ಆ ಜಾತಿ. ಮಂಡ್ಯದ ರೈತನ ಮಗ ನಾನು, ನನಗೆ ಗೊತ್ತಿಲ್ಲದ ಟ್ರ್ಯಾಕ್ಟರೇ ಅಂತ ಚಾರ್ಜರಿನ ಕಪ್ಪು ಕ್ಲಿಪ್ಪನ್ನು, ಅಂದರೆ ಮೈನಸ್ಸನ್ನು, ಗಾಡಿಯ ಕಬ್ಬಿಣದ ಬಾಡಿಗೆ ಕಚ್ಚಿಸಲು ಹೋದೆ. ಮಣಿಕಟ್ಟು ಹಿಡಿದುಕೊಂಡುಬಿಟ್ಟ. ಅವನ ಗಾಡಿಯಲ್ಲಿ ಬಾಡಿಗೆ ಕೂತಿದ್ದದ್ದು ಪ್ಲಸ್ಸು. ಡೈನಮೊ ಕಾಲದ ಬ್ರಿಟಿಷ್ ಟ್ರ್ಯಾಕ್ಟರುಗಳಲ್ಲಿ ಬಹಳಷ್ಟು ಹಾಗೆಯೇ.

ಆಮೇಲೆ ಶುರುವಾಯಿತು ಅವನ ಪೂಜೆ. ಕೈಗಡಿಯಾರ ಬಿಚ್ಚಿಟ್ಟ. ಮೊದಲು ಅರ್ಥ್ ವೈರು, ಅಂದರೆ ಬಾಡಿಗೆ ಸೇರಿದ್ದನ್ನು, ಕಳಚಿದ. ಇನ್ನೊಂದನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ಶಾರ್ಟ್. ಬ್ಯಾಟರಿಯನ್ನು ಬಯಲಿಗೆ ಹೊತ್ತು ತಂದ. ಆರೂ ಸೆಲ್‌ಗೆ ಹೈಡ್ರೋಮೀಟರ್, ಅಂದರೆ ಆಸಿಡ್ಡು ಎಷ್ಟು ಗಟ್ಟಿ ಅಂತ ಅಳೆಯುವ ಗಾಜಿನ ಕೊಳವೆ, ಇಳಿಸಿ ಚೀಟಿಯಲ್ಲಿ ಬರೆದುಕೊಂಡ. 80 ಆಂಪಿಯರ್-ಅವರ್ ಹಿಡಿಯುವ ಬ್ಯಾಟರಿಗೆ 8 ಆಂಪಿಯರ್ ಮೀರದಂತೆ ಕರೆಂಟು ಕೊಟ್ಟ, ಅಂದರೆ ಹತ್ತರಲ್ಲೊಂದು ಪಾಲು. ಕ್ಲಿಪ್ಪು ಕಚ್ಚಿಸಿ ಆಮೇಲೆ ಸ್ವಿಚ್ಚು. ತೆಗೆಯುವಾಗ ಸ್ವಿಚ್ಚು ಆರಿಸಿ ಆಮೇಲೆ ಕ್ಲಿಪ್ಪು. ನಡುವೆ ಎರಡು ಸಲ ಟೀ. ನನಗೆ ಒಳಗೊಳಗೇ ನಗು.

ಊರಲ್ಲಿ? ನೀರಿದೆಯಾ ನೋಡಲು ಬೆಂಕಿಕಡ್ಡಿ ಗೀರುತ್ತಾರೆ. ಸಾಲದಿದ್ದರೆ ನಲ್ಲಿ ನೀರು. ಬ್ಯಾಟರಿಯಲ್ಲಿ ಜೀವ ಇದೆಯಾ ಅಂತ ತಿಳಿಯಲು ಸ್ಪ್ಯಾನರ್ ಅಡ್ಡ ಇಟ್ಟು ಕಿಡಿ ಹಾರಿಸುತ್ತಾರೆ. ರಾಹುಕಾಲ ನೋಡಿ ಗಾಡಿ ತೆಗೆಯುವವರು ಪ್ಲಸ್ಸು ಯಾವ ಕಡೆ ಅಂತ ನೋಡುವುದಿಲ್ಲ. ನಮ್ಮ ಮ್ಯಾಸಿಯಲ್ಲೂ ಹೆಣೆದ ತಾಮ್ರದ ಪಟ್ಟಿ ಪ್ಲಸ್ಸಿನಿಂದಲೇ ಬಾಡಿಗೆ ಹೋಗಿತ್ತು. ನಾನು ತೋರಿಸುವವರೆಗೆ ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ಕೇಳಿದರೆ, "ಇಷ್ಟ್ ವರ್ಸ ಏನಾಗಿತ್ತು?" ಈ ಮಾತು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ಒಂದು ಮಾತು ಹೇಳದೆ ವಿಧಿಯಿಲ್ಲ. ಹಬ್ಬ ಮುಗಿದ ಮೇಲೆ ಮದ್ದೂರಿನಲ್ಲಿ ಹೈಡ್ರೋಮೀಟರ್ ಕೊಂಡೆ. ಆ ಬ್ಯಾಟರಿ 1.24 ತೋರಿಸಿತು. ಮುದುಕನ ಲೆಕ್ಕದಲ್ಲಿ 1.28ರ ಹತ್ತಿರ ಬರಬೇಕು. ಇನ್ನೂ ತುಂಬಿಲ್ಲ ಅಂತ ಅಂಗಡಿಯವನಿಗೆ ಪಾಠ ಶುರುಮಾಡಿದೆ. ಅವನು ಬೆರಳಿಂದ ಟರ್ಮಿನಲ್ ಮುಟ್ಟಿ ಹೇಳಿದ: "ನಮ್ ಬಿಸ್ಲಿಗೆ ಆಸಿಡ್ಡು ತೆಳ್ಳಗೇ ಬುಡೋದು ಸಾರ್. ಇದು ಫುಲ್ಲು." ಅವನು ಹೇಳಿದ್ದೇ ಸರಿ. ಟಾರು ಮೆತ್ತಿದ ಹಳೇ ಬ್ಯಾಟರಿಗಳನ್ನು ಬಿಚ್ಚಿ, ಸತ್ತ ಒಂದೇ ಸೆಲ್ಲಿನ ಪ್ಲೇಟು ಬದಲಿಸಿ ಮತ್ತೆ ಓಡಿಸಿದವನು ಅವನು. ಮುದುಕನಾಗಿದ್ದರೆ ಇಡೀ ಡಬ್ಬವನ್ನೇ ಎಸೆಯುತ್ತಿದ್ದ. ಅವನ ಗಾಡಿ ಹೋಗುವುದು ವರ್ಷಕ್ಕೆ ಎರಡು ಪ್ರದರ್ಶನಕ್ಕೆ. ನಮ್ಮದು ರಾತ್ರಿಯೆಲ್ಲ ಆಲೆಮನೆಗೆ ಕಬ್ಬು ಹೊತ್ತದ್ದು. ಬ್ಯಾಟರಿ ಸತ್ತರೆ ನಾಲೆ ಏರಿಯ ಇಳಿಜಾರಿಗೆ ಬಿಟ್ಟು, ಗೇರಿಗೆ ಹಾಕಿ ಎಬ್ಬಿಸುತ್ತಿದ್ದ ಅಪ್ಪ. ಹತ್ತು ಗಂಟೆ ಚಾರ್ಜಿಗೆ ಕೂತಿದ್ದರೆ ಕಡಿದ ಕಬ್ಬು ಒಣಗುತ್ತಿತ್ತು.

ಹೈಡ್ರೋಮೀಟರನ್ನು ತಮ್ಮನ ಕೈಗೆ ಕೊಟ್ಟು ಬಂದಿದ್ದೆ. ಈ ವರ್ಷ ಹಬ್ಬದ ಫೋಟೋ ಕಳಿಸಿದ್ದಾನೆ. ಬಾನೆಟ್ಟಿನ ಮೇಲೆ ಮಚ್ಚು, ಕುಡುಗೋಲು, ಸ್ಪ್ಯಾನರುಗಳ ಸಾಲಿನಲ್ಲಿ ಅದೂ ಮಲಗಿದೆ, ಗಾಜಿನ ಮೇಲೆ ಮೂರು ಕುಂಕುಮದ ಬೊಟ್ಟು. ಆರತಿ ತಟ್ಟೆ ಎಲ್ಲಿಟ್ಟಿದ್ದಾರೆ ಅಂತ ಫೋಟೋ ದೊಡ್ಡದು ಮಾಡಿ ಹುಡುಕಿದೆ. ಕಾಣಲಿಲ್ಲ.