ಸ್ಪಷ್ಟನೆ: ಸಂಘ ಸೇರಿದರೆ ನರ್ಸ್ ನೋಂದಣಿ ರದ್ದಾಗುವುದಿಲ್ಲ

ನರ್ಸ್‌ಗಳು ಸಂಘ ಸೇರಿದರೆ, ಇಲ್ಲವೇ 14416ಕ್ಕೆ ಫೋನ್ ಮಾಡಿ ಮನಸ್ಸಿನ ಕಷ್ಟ ಹೇಳಿಕೊಂಡರೆ ನೋಂದಣಿ ರದ್ದಾಗುತ್ತದೆ ಎಂಬ ಮೆಸೇಜ್ ಮುಂಬೈ ಕನ್ನಡಿಗರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು.

ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿಯೇ ಕೊಟ್ಟಿದೆ. ನರ್ಸ್‌ಗಳ ರಾಷ್ಟ್ರೀಯ ಸಂಘ ಟಿಎನ್‌ಎಐ ಹುಟ್ಟಿದ್ದೇ 1908ರಲ್ಲಿ.

14416 ಅಂದರೆ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. 2022ರಲ್ಲಿ ಶುರುವಾಯಿತು. ಕರೆ ಉಚಿತ, 24 ಗಂಟೆಯೂ ಸಿಗುತ್ತದೆ, ಮಾತು ಗುಟ್ಟಾಗಿರುತ್ತದೆ. ನೈಟ್ ಡ್ಯೂಟಿ ಮುಗಿಸಿ, ಲೋಕಲ್ ರೈಲಿನಲ್ಲಿ ಕಂಬಿ ಹಿಡಿದು ನಿಂತೇ ತೂಕಡಿಸುತ್ತಾ ಡೊಂಬಿವಲಿಗೆ ಹೋಗುವ ಹುಡುಗಿಗೆ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸುತ್ತದೆ ಅಲ್ವಾ? ಅವಳನ್ನು ಸುಮ್ನೆ ಹೆದರಿಸುವುದು ದೊಡ್ಡ ಅನ್ಯಾಯ. 14416ಕ್ಕೆ ಫೋನ್ ಮಾಡಿದರೆ ಭಾಷೆ ಆರಿಸಿಕೊಂಡು ಕನ್ನಡದಲ್ಲೇ ಮಾತಾಡಬಹುದು. ಆ ಮೆಸೇಜ್ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.